ಸಂತನ ದವಡೆಯ ಮೇಲೆ ಒಂದು ಸಣ್ಣ ಮಾತು

ನಾನು ಬ್ರಿಯೋಲ ಊರಿನ ಫುಲ್ಕೊ. ಫುಲ್ಕೊ ಎಂದರೆ ಲ್ವಾರ್ ಹೊಳೆ ಹುಟ್ಟುವ ಬೆಟ್ಟದಿಂದ ಹಿಡಿದು ಅದು ಸಮುದ್ರ ಸೇರುವ ತನಕ ಗೊತ್ತಿಲ್ಲದವರಿಲ್ಲ. ಮನುಷ್ಯರ ಮಾತು ಹಾಗಿರಲಿ, ಮೀನುಗಳಿಗೂ ಗೊತ್ತು. ನನ್ನ ಬಲೆ ನೀರಿಗೆ ಬಿದ್ದ ಸದ್ದು ಕೇಳಿದರೆ ಹಾವುಮೀನುಗಳು ಒಂದರ ಬಾಲ ಒಂದು ಕಚ್ಚಿಕೊಂಡು ಸಾಲಾಗಿ ನಿಲ್ಲುತ್ತವೆ. ನಮ್ಮಜ್ಜ ಹಿಡಿದ ಮೀನು ತಿಂದೇ ನಮ್ಮ ಫ್ರಾಂಕರ ದೊಡ್ಡ ಚಕ್ರವರ್ತಿ ಸ್ಯಾಕ್ಸನರನ್ನು ಗೆದ್ದದ್ದು. ಅವನ ಮೊಮ್ಮಕ್ಕಳ ಕಾಲಕ್ಕೆ ನಮ್ಮ ಮನೆಯಿಂದ ಮೀನು ಹೋಗುವುದು ನಿಂತಿತು. ಆಮೇಲೇನಾಯಿತು? ನೀವೇ ನೋಡಿದಿರಲ್ಲ, ರಾಜ್ಯ ಮೂರು ಹೋಳಾಯಿತು.

ಇಂಥ ನಾನು ಜೀವಮಾನದಲ್ಲಿ ಮಾಡಿದ ಅತ್ಯಂತ ಕಷ್ಟದ ಕೆಲಸ ಯಾವುದು ಎಂದು ಕೇಳಿದರೆ ಕರಡಿಯ ಕತೆಯನ್ನು ಹೇಳುತ್ತೇನೆ ಎಂದುಕೊಳ್ಳುತ್ತೀರಿ. ಅಲ್ಲ. ಕರಡಿ ಸುಲಭ. ಅದನ್ನು ಸೌಟಿನಲ್ಲೇ ಹೊಡೆದೆ. ಕಷ್ಟವಾದದ್ದು ಒಂದು ಸಣ್ಣ ಮಾತು. ಒಂದೇ ಉಸಿರಿನಲ್ಲಿ ಮುಗಿಯುವ ಮಾತು. ಅದನ್ನಾಡಿ ಒಂದು ಕುತ್ತಿಗೆ ಉಳಿಸಿದೆ.

ಆ ಕುತ್ತಿಗೆ ತೋಕಿಯದು. ತೋಕಿ ಉತ್ತರದವನು. ಹಾವಿನ ತಲೆ ಕೆತ್ತಿದ ಹಡಗುಗಳಲ್ಲಿ ಬಂದು ಮಠಗಳನ್ನು ಸುಟ್ಟು ಬೆಳ್ಳಿ ಬಾಚಿಕೊಂಡು ಹೋಗುವ ಆ ಉತ್ತರದವರ ಪೈಕಿಯವನೇ. ಒಂದು ಸಲ ಅವರು ನಮ್ಮ ಹೊಳೆಯಲ್ಲಿ ಬಂದು ಹೋದ ಮೇಲೆ ಮರಳುದಿಣ್ಣೆಯ ಮೇಲೆ ಇವನೊಬ್ಬ ಬಿದ್ದಿದ್ದ. ತೊಡೆಯಲ್ಲಿ ಬಾಣ. ಸತ್ತನೆಂದು ಬಿಟ್ಟುಹೋಗಿದ್ದರು. ನಾನು ಅವನ ನಡುಪಟ್ಟಿಗೆ ಹಾವುಮೀನಿನ ಕೊಕ್ಕೆ ಹಾಕಿ ದೋಣಿಗೆ ಎಳೆದುಕೊಂಡೆ. ಎತ್ತಿನಷ್ಟು ಭಾರ. ಎರಡು ಎತ್ತು ಎಂದರೂ ತಪ್ಪಿಲ್ಲ. ಊರಿನವರು ಕೊಡಲಿ ಹಿಡಿದು ಬಂದರು. ನಾನು ಅಡ್ಡ ನಿಂತೆ.

“ಇದು ನನ್ನ ಮೀನು ಕಣ್ರೋ. ನಾನು ಹಿಡಿದಿದ್ದನ್ನ ಬೇರೆಯವರು ಕಡಿಯೋ ಹಾಗಿಲ್ಲ.”

ಎಲ್ಲರೂ ನಕ್ಕರು. ನಗುವವರ ಕೈಯಲ್ಲಿ ಕೊಡಲಿ ಹೆಚ್ಚು ಹೊತ್ತು ನಿಲ್ಲುವುದಿಲ್ಲ.

ಗಾಯ ಮಾಯುವ ಹೊತ್ತಿಗೆ ಅವನು ನಮ್ಮ ಹಳೇ ದೋಣಿಗಳನ್ನೆಲ್ಲ ರಿಪೇರಿ ಮಾಡಿಬಿಟ್ಟಿದ್ದ. ನಮ್ಮ ಪಾದ್ರಿಗಳು ಅವನಿಗೆ ದೀಕ್ಷಾಸ್ನಾನ ಮಾಡಿಸಿದರು. ಧರ್ಮತಂದೆಯಾಗಿ ಯಾರು ನಿಲ್ಲುತ್ತೀರಿ ಎಂದು ಕೇಳಿದಾಗ ಚರ್ಚಿನೊಳಗೆ ಎಲ್ಲರಿಗೂ ಕೆಮ್ಮು ಬಂತು. ನಾನು ನಿಂತೆ. ಹಾಗಾಗಿ ನನಗಿಂತ ಎರಡು ತಲೆ ಎತ್ತರದ ಮಗನೊಬ್ಬ ನನಗೆ ಒಂದೇ ಮಧ್ಯಾಹ್ನದಲ್ಲಿ ಹುಟ್ಟಿದ. ಬಡಗಿಯ ಮಗಳು ಇಮ್ಮಾ ಅವನನ್ನು ಮದುವೆಯಾದಳು. ಅವಳ ಅಣ್ಣತಮ್ಮಂದಿರು ಮೊದಲು ಗುರುಗುಟ್ಟಿದರು, ಆಮೇಲೆ ಅವನ ದೋಣಿಯಲ್ಲೇ ಮೀನಿಗೆ ಹೋಗತೊಡಗಿದರು. ಒಂದು ಹೆಣ್ಣುಕೂಸೂ ಆಯಿತು. ಎಲ್ಲ ಸರಿಯಿತ್ತು.

ಆ ವರ್ಷದ ಬೇಸಿಗೆಯಲ್ಲಿ ಉತ್ತರದವರು ಮತ್ತೆ ಬಂದರು.

ನಮ್ಮ ಹೊಳೆಯ ಗುಣವೇ ಹಾಗೆ. ಪ್ರತಿ ಚಳಿಗಾಲಕ್ಕೆ ಮರಳು ಮಗ್ಗುಲು ಬದಲಿಸುತ್ತದೆ. ನಿನ್ನೆ ಆಳವಿದ್ದಲ್ಲಿ ಇವತ್ತು ಕೋಳಿ ನಡೆದಾಡುತ್ತದೆ. ಅದಕ್ಕೇ ವಸಂತ ಬಂದ ಕೂಡಲೇ ಊರಿಗೆ ಊರೇ ಸೊಂಟದುದ್ದ ನೀರಿಗಿಳಿದು, ಉಪ್ಪಿನ ದೋಣಿಗಳಿಗೆ ದಾರಿ ಕಾಣಲೆಂದು ಹಸಿ ಮರದ ಗೂಟ ನೆಡುತ್ತೇವೆ. ಉತ್ತರದವರು ಬರುತ್ತಾರೆಂಬ ಸುದ್ದಿ ಸಿಕ್ಕಿದರೆ ಆ ಗೂಟಗಳನ್ನು ಕೀಳಿಸಬೇಕು. ಆಗ ಅವರ ಹಡಗು ಮರಳಿನಲ್ಲಿ ಸಿಕ್ಕಿಬೀಳುತ್ತದೆ. ಕೀಳಿಸುವ ಹೊಣೆ ಹೊಳೆಗಾವಲಿನ ವಾರಿನನದು. ಉಪ್ಪಿನ ದೋಣಿಗಳಿಂದ ಸುಂಕ ಎತ್ತುವವನೂ ಅವನೇ.

ಆ ಸಲ ಗೂಟಗಳು ಹಾಗೇ ನಿಂತಿದ್ದವು. ಹಾವುತಲೆ ಹಡಗುಗಳು ನಮ್ಮ ಗೂಟಗಳ ನಡುವೆ ಮದುವೆ ದಿಬ್ಬಣದ ಹಾಗೆ ಬಂದವು. ಚರ್ಚು ಸುಟ್ಟಿತು, ಕಣಜ ಸುಟ್ಟಿತು, ಅರ್ಧ ಊರು ಸುಟ್ಟಿತು. ಜನ ಮಾತ್ರ ಬಹುಪಾಲು ಉಳಿದರು. ಯಾಕೆಂದರೆ ತೋಕಿ ದೋಣಿಯಲ್ಲಿ ಅವರನ್ನು ಆಚೆ ದಡಕ್ಕೆ ಸಾಗಿಸುತ್ತಿದ್ದ. ಇನ್ನೊಂದು ಹುಟ್ಟು ನನ್ನ ಕೈಯಲ್ಲಿತ್ತು. ನಾನು ಎಷ್ಟು ಜೋರಾಗಿ ಹುಟ್ಟು ಹಾಕಿದೆನೆಂದರೆ ಹೊಳೆ ಸ್ವಲ್ಪ ಹೊತ್ತು ಹಿಂದಕ್ಕೆ ಹರಿಯಿತು. ಹೊಳೆಯ ನಡುವಿನಿಂದ ನನಗೊಂದು ನೋಟ ಕಂಡಿತು: ವಾರಿನ್ ಹೇಸರಗತ್ತೆಯ ಮೇಲೆ ತನ್ನ ಗರಿಯ ಹಾಸಿಗೆ ಹೇರಿಕೊಂಡು, ಗೂಟಗಳ ಕಡೆ ತಿರುಗಿಯೂ ನೋಡದೆ ಗುಡ್ಡ ಹತ್ತುತ್ತಿದ್ದ. ತೋಕಿಯೂ ನೋಡಿದ. ಮತ್ತಾರೂ ನೋಡಲಿಲ್ಲ.

ಬೂದಿ ಆರುವ ಮೊದಲೇ ಊರಲ್ಲಿ ಪಿಸುಮಾತು ಶುರುವಾಯಿತು. ಎಲ್ಲರ ಮನೆ ಸುಟ್ಟಿತು, ತೋಕಿಯ ದೋಣಿಕೊಟ್ಟಿಗೆ ಯಾಕೆ ಸುಡಲಿಲ್ಲ? ಅದು ಜೌಗುನೆಲದಲ್ಲಿದೆ, ಹಸಿ ಹುಲ್ಲಿನ ಸೂರು, ನಾನೇ ಚಳಿಗಾಲದಲ್ಲಿ ಅಲ್ಲಿ ಒಲೆ ಹೊತ್ತಿಸಲಾರದೆ ಅತ್ತಿದ್ದೇನೆ. ಆದರೆ ಮನೆ ಕಳೆದುಕೊಂಡವರಿಗೆ ಇದನ್ನು ಹೇಗೆ ಹೇಳುವುದು? ದೊರೆಯ ಕಾರಭಾರಿ ವಿಚಾರಣೆಗೆ ಬರುತ್ತಾನೆಂದು ಗೊತ್ತಾದ ದಿನ ವಾರಿನ್ ಎಲ್ಲರೆದುರು ಹೇಳಿಬಿಟ್ಟ:

“ನಾನು ಗೂಟ ಕೀಳಿಸಿದ್ದೆ. ಆ ಉತ್ತರದವನು ಮತ್ತೆ ನೆಟ್ಟ. ತನ್ನವರಿಗೆ ದಾರಿ ಮಾಡಿಕೊಟ್ಟ.”

ಇದು ನಿಜವೆಂದಾದರೆ ಹೊಳೆದಂಡೆಯ ಓಕ್ ಮರಕ್ಕೆ ಹಗ್ಗ, ಹಗ್ಗಕ್ಕೆ ತೋಕಿ.

ಕಣ್ಣಾರೆ ಕಂಡದ್ದನ್ನು ಹೇಳಬಹುದಿತ್ತಲ್ಲ ಎನ್ನಬೇಡಿ. ನಮ್ಮ ಕಟ್ಟಳೆಯಲ್ಲಿ ನೋಡಿದ್ದನ್ನು ಯಾರೂ ಕೇಳುವುದಿಲ್ಲ. ಆರೋಪ ಹೊತ್ತವನು ಸಂತನ ಮೂಳೆ ಮುಟ್ಟಿ ಆಣೆ ಇಡಬೇಕು. ಅವನ ಬಂಧುಗಳು ಆರು ಮಂದಿ ಹಸಿದ ಹೊಟ್ಟೆಯಲ್ಲಿ ಬಂದು, ಅದೇ ಮೂಳೆ ಮುಟ್ಟಿ, ಅವನ ಆಣೆಯ ಬೆನ್ನಿಗೆ ನಿಲ್ಲಬೇಕು. ಅದಕ್ಕೆ ಗೊತ್ತುಪಡಿಸಿದ ಮಾತಿದೆ. ಒಂದು ಮಾತು ತಪ್ಪಿದರೂ, ಒಂದು ಮಾತು ಹೆಚ್ಚಾದರೂ ಇಡೀ ಆಣೆ ಬಿತ್ತು. ಆರು ಜನರಲ್ಲಿ ಒಬ್ಬ ಎಡವಿದರೂ ಆರೋಪಿ ಹೋದ.

ತೋಕಿಯ ಬಂಧುಗಳೆಲ್ಲ ಸಮುದ್ರದಾಚೆ. ಇಮ್ಮಾಳ ಅಪ್ಪ, ಇಬ್ಬರು ಅಣ್ಣಂದಿರು, ಒಬ್ಬ ತಮ್ಮ, ಚಿಕ್ಕಪ್ಪ, ಹೀಗೆ ಐವರಾದರು. ಆರನೆಯವನು? ಧರ್ಮತಂದೆಯೂ ಬಂಧುವೇ ಎಂದು ಪಾದ್ರಿಗಳು ಹೇಳಿದರು. ಹೇಳಿ, ನನ್ನ ಮುಖ ನೋಡಿ, ಶಿಲುಬೆಯ ಗುರುತು ಮಾಡಿಕೊಂಡರು.

ದೋಣಿಕೊಟ್ಟಿಗೆಯಲ್ಲಿ ಇಮ್ಮಾ ನನ್ನನ್ನು ಮಗುಚಿದ ದೋಣಿಯ ಮೇಲೆ ಕೂರಿಸಿ ಪಾಠ ಹೇಳಿಸಿದಳು. ಒಂದು ಕಂಕುಳಲ್ಲಿ ಕೂಸು, ಇನ್ನೊಂದು ಕೈಯಲ್ಲಿ ಎಲೆಕೋಸಿನ ಸಾರಿನ ಸೌಟು.

“ಮಾವ, ಇಷ್ಟೇ ಹೇಳ್ಬೇಕು. ‘ತೋಕಿ ಇಟ್ಟ ಆಣೆ ಶುದ್ಧ, ಅದರಲ್ಲಿ ಸುಳ್ಳಿಲ್ಲ, ದೇವರಾಣೆ, ಸಂತನಾಣೆ.’ ಹೇಳಿ ನೋಡೋಣ.”

“ಇದೇನು ಮಹಾ? ತೋಕಿ ಇಟ್ಟ ಆಣೆ ಲ್ವಾರ್ ಹೊಳೆ ನೀರಿಗಿಂತ ಶುದ್ಧ...”

ಸೌಟು ನನ್ನ ಮೊಣಕಾಲಿಗೆ ಬಿತ್ತು. “ಹೊಳೆ ಎಲ್ಲಿಂದ ಬಂತು?”

“ಬರೀ ಶುದ್ಧ ಅಂದ್ರೆ ಬೋಳುಬೋಳಾಗಿ ಕಾಣುತ್ತಲ್ಲಮ್ಮಾ.”

“ಬೋಳಾಗೇ ಇರ್ಲಿ. ಮತ್ತೆ ಹೇಳಿ.”

“ತೋಕಿ ಇಟ್ಟ ಆಣೆ ಶುದ್ಧ, ಅದರಲ್ಲಿ ಸಾಸಿವೆ ಕಾಳಷ್ಟೂ ಸುಳ್ಳಿಲ್ಲ...”

“ಮಾವ!”

“ಸಾಸಿವೆ ಎಷ್ಟು ಸಣ್ಣದು ಗೊತ್ತಾ? ಅದನ್ನೂ ಬಿಡ್ಬೇಕಾ?”

ಮೂಲೆಯಲ್ಲಿ ಹಲಗೆಗಳ ಸಂದಿಗೆ ಟಾರು ತುಂಬುತ್ತ ಕೂತಿದ್ದ ತೋಕಿ ನಕ್ಕ. ಕುತ್ತಿಗೆಗೆ ಹಗ್ಗ ಕಾದಿರುವವನು ನಗುವುದನ್ನು ಅವತ್ತೇ ನಾನು ನೋಡಿದ್ದು. ಇಮ್ಮಾ ನಗಲಿಲ್ಲ. ಅವಳ ಕಣ್ಣು ತುಂಬಿಬಂತು. ಸೌಟನ್ನು ಕೆಳಗಿಟ್ಟು, ಕೂಸನ್ನು ನನ್ನ ತೊಡೆಯ ಮೇಲೆ ಕೂರಿಸಿದಳು.

“ಇವಳ ಮುಖ ನೋಡ್ಕೊಂಡು ಹೇಳಿ ಮಾವ. ಆವಾಗ ಹೊಳೆ, ಸಾಸಿವೆ ಯಾವುದೂ ನೆನಪಾಗಲ್ಲ.”

ಕೂಸು ನನ್ನ ಗಡ್ಡ ಹಿಡಿದು ಎಳೆಯಿತು. ನಾನು ಮಾತನ್ನು ಸರಿಯಾಗಿ ಹೇಳಿದೆ. ಬಾಯಿಗೆ ಒಣ ರೊಟ್ಟಿ ತುರುಕಿದ ಹಾಗಿತ್ತು. ಇಮ್ಮಾ ಮತ್ತೆ ಹೇಳಿಸಿದಳು, ಮತ್ತೆ ಹೇಳಿಸಿದಳು. ದೋಣಿ ತೊಳೆಯುವಾಗ ಹೇಳಿದೆ, ಮೀನು ಸೀಳುವಾಗ ಹೇಳಿದೆ. ನನ್ನ ಹೆಂಡತಿ ಬದುಕಿದ್ದರೆ, ಮದುವೆಯ ದಿನದಿಂದ ಇಲ್ಲಿಯವರೆಗೆ ನಾನಾಡಿದ ಒಂದೇ ನೆಟ್ಟಗಿನ ಮಾತು ಇದೆಂದು ಊರಿಗೆಲ್ಲ ಸಾರಿಬರುತ್ತಿದ್ದಳು.

ವಿಚಾರಣೆ ಓಕ್ ಮರದ ಕೆಳಗೇ ಸೇರಿತು. ಕಾರಭಾರಿ ದಪ್ಪ ಮನುಷ್ಯ, ಕಾಲಿಗೆ ವಾತ. ಸ್ಟೂಲಿನ ಮೇಲೆ ಕಾಲಿಟ್ಟುಕೊಂಡು ಕೂತಿದ್ದ. ಅವನ ಮುಂದೆ ಬಟ್ಟೆ ಹಾಸಿ ಪಾದ್ರಿಗಳು ನಮ್ಮ ಸಂತ ಗೊದೋಲನ ದವಡೆಮೂಳೆಯಿಟ್ಟರು. ದಾಳಿಯ ದಿನ ಅದನ್ನು ಎಲೆಕೋಸಿನ ಹೊಂಡದಲ್ಲಿ ಹೂತು ಉಳಿಸಿದ್ದರು. ಇನ್ನೂ ಸ್ವಲ್ಪ ಕೋಸಿನ ವಾಸನೆಯಿತ್ತು. ಆ ದವಡೆಯಲ್ಲಿ ಎಷ್ಟು ಹಲ್ಲಿವೆ ಗೊತ್ತೇ? ಮೂರು. ಆದರೆ ನಾನು ಮುಂದೆ ಹೋಗಿ ನಿಂತಾಗ ಮುನ್ನೂರು ಕಂಡವು, ಎಲ್ಲವೂ ನನ್ನ ನಾಲಗೆಯನ್ನೇ ನೋಡುತ್ತಿದ್ದವು.

ನಾವು ಆರು ಮಂದಿ ಸಾಲಾಗಿ ನಿಲ್ಲುತ್ತಿದ್ದಂತೆ ವಾರಿನ್ ಎದ್ದ.

“ಸ್ವಾಮಿ, ಒಂದು ತಕರಾರು. ಕೊನೇಲಿ ನಿಂತಿರೋನು ಫುಲ್ಕೊ. ಇವನ ಮಾತಿಗೆ ಆಣೆ ಅಂತಾರಾ? ಇವನು ಸೌಟಲ್ಲಿ ಕರಡಿ ಹೊಡೆದೋನು. ಇವರಜ್ಜನ ಮೀನು ತಿಂದು ಚಕ್ರವರ್ತಿ ಯುದ್ಧ ಗೆದ್ದನಂತೆ. ಇವನು ಬಾಯಿ ತೆಗೆದ್ರೆ ಸುಳ್ಳು.”

ಜನ ಗೊಳ್ಳೆಂದರು. ಬಿದ್ದು ಬಿದ್ದು ನಕ್ಕವರಲ್ಲಿ ಇಮ್ಮಾಳ ಚಿಕ್ಕಪ್ಪನೂ ಇದ್ದ, ನನ್ನ ಪಕ್ಕದಲ್ಲೇ ನಿಂತು. ಕಾರಭಾರಿ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದ.

“ಕರಡಿ ಎಷ್ಟು ದೊಡ್ಡದಿತ್ತು?”

ನಾನು ಬಾಯಿ ತೆರೆದೆ. ಇಮ್ಮಾ ಜನರ ನಡುವಿನಿಂದ ನುಗ್ಗಿ ಬಂದು ನನ್ನ ಮತ್ತು ಕಾರಭಾರಿಯ ನಡುವೆ ನಿಂತಳು. ಕಂಕುಳಲ್ಲಿ ಕೂಸು.

“ಸ್ವಾಮಿ, ನಮ್ಮ ಮಾವ ಸುಳ್ಳುಗಾರ ಅಂತ ನಾನೇ ಒಪ್ಕೋತೀನಿ. ಆದ್ರೆ ಎಂಥ ಸುಳ್ಳು ಅಂತ ಊರನ್ನ ಕೇಳಿ. ಇವರು ತಮ್ಮ ಮೀನನ್ನ ದೊಡ್ಡದು ಮಾಡ್ತಾರೆ. ಬೇರೆಯವರ ಮೀನನ್ನ ಯಾವತ್ತಾದ್ರೂ ಸಣ್ಣದು ಮಾಡಿದ್ದಾರಾ? ಇವರ ಸುಳ್ಳಿಂದ ಯಾರದಾದ್ರೂ ಒಂದು ಕೋಳಿ ಹೋಗಿದೆಯಾ? ಅಂಥೋರು ಯಾರಾದ್ರೂ ಇದ್ರೆ ಮುಂದೆ ಬರ್ಲಿ.”

ನಾನು ಜನರ ಮುಖ ನೋಡಿದೆ. ಎಲ್ಲರೂ ತಮ್ಮ ತಮ್ಮ ನೆನಪಿನೊಳಗೆ ಕೈಹಾಕಿ ತಡಕಾಡುತ್ತಿದ್ದರು. ಕಣಜ ಸುಟ್ಟುಹೋದ ಮುದುಕಿಯೊಬ್ಬಳು ಹಿಂದಿನಿಂದ ಕೂಗಿದಳು:

“ಇಲ್ಲಪ್ಪ. ಅವನು ಬಡಾಯಿ ಬಾಯಿಯವನು, ಕೆಟ್ಟ ಬಾಯಿಯವನಲ್ಲ.”

ಕಾರಭಾರಿ ಕಾಲು ಬದಲಿಸಿದ. “ನಿಲ್ಲಲಿ. ಆದರೆ ಕೇಳಿಸ್ಕೋ ಮುದುಕಪ್ಪ, ಮಾತು ಎಷ್ಟಿದೆಯೋ ಅಷ್ಟೇ. ಒಂದು ಚೂರು ಉದ್ದವಾದ್ರೂ ನಿನ್ನ ಮಗನನ್ನ ಈ ಕೊಂಬೆ ನೋಡ್ಕೊಳ್ಳುತ್ತೆ.”

ತೋಕಿ ದವಡೆಯ ಮೇಲೆ ಕೈಯಿಟ್ಟ. “ನಾನು ಗೂಟ ನೆಡಲಿಲ್ಲ. ದಾರಿ ತೋರಿಸಲಿಲ್ಲ. ದೇವರಾಣೆ, ಸಂತನಾಣೆ.” ಅವನದು ಯಾವಾಗಲೂ ಅಷ್ಟೇ, ಮಾತನ್ನು ಮೊಳೆಯ ಹಾಗೆ ಎಣಿಸಿ ಖರ್ಚು ಮಾಡುತ್ತಾನೆ. ಆಮೇಲೆ ಇಮ್ಮಾಳ ಅಪ್ಪ, ಅಣ್ಣಂದಿರು, ತಮ್ಮ, ಚಿಕ್ಕಪ್ಪ ಒಬ್ಬೊಬ್ಬರಾಗಿ ಹೇಳಿ ಪಕ್ಕಕ್ಕೆ ಸರಿದರು. ನನ್ನ ಸರದಿ ಬಂತು.

ದವಡೆ ತಣ್ಣಗಿತ್ತು. ನಾನು ಕೈಯಿಟ್ಟ ಕೂಡಲೇ ವಾರಿನ್ ಹತ್ತಿರ ಬಂದು ನನಗೆ ಮಾತ್ರ ಕೇಳುವಂತೆ, ನನ್ನ ಬಾಯಿಂದ ಒಂದು ಮಾತು ಹೆಚ್ಚಿಗೆ ಬೀಳಲೆಂದೇ, ಜೇನು ಸವರಿದ ದನಿಯಲ್ಲಿ ಹೇಳಿದ:

“ಫುಲ್ಕಣ್ಣ, ಅವತ್ತು ಹೊಳೆ ಮಧ್ಯದಿಂದ ನೀನು ಏನಾದ್ರೂ ನೋಡಿರ್ಬೇಕಲ್ಲ? ಹೇಳು. ಎಲ್ಲರೂ ಕಾಯ್ತಿದ್ದಾರೆ.”

ಅಯ್ಯೋ, ನನ್ನ ಒಳಗೆ ಆಗ ಏನು ನಡೆಯಿತೆಂದು ಹೇಗೆ ಹೇಳಲಿ! ಹೇಸರಗತ್ತೆ ಗಂಟಲಿಗೆ ಬಂದು ನಿಂತಿತು. ಅದರ ಬೆನ್ನ ಮೇಲೆ ಗರಿಯ ಹಾಸಿಗೆ, ಹಾಸಿಗೆಯ ಮೇಲೆ ವಾರಿನನ ಸುಂಕದ ಪೆಟ್ಟಿಗೆ, ಪೆಟ್ಟಿಗೆಯ ಮೇಲೆ ಅವನ ಬೆಕ್ಕು. ಬೆಕ್ಕು ನಿಜಕ್ಕೂ ಇರಲಿಲ್ಲ, ಆದರೆ ಆ ಗಳಿಗೆಯಲ್ಲಿ ಹುಟ್ಟಿತು. ಇಡೀ ಮೆರವಣಿಗೆ ನನ್ನ ಹಲ್ಲುಗಳನ್ನು ಒಳಗಿನಿಂದ ಗುದ್ದುತ್ತಿತ್ತು. ನನ್ನ ಬೆವರು ಹರಿದು ಹೊಳೆ ಸೇರಿ ಕೆಳಗಿನ ಊರುಗಳಲ್ಲಿ ಪ್ರವಾಹ ಬಂತು. ಕೂಸು ಎಲ್ಲಿದೆ ಎಂದು ಹುಡುಕಿದೆ. ಅದು ಇಮ್ಮಾಳ ಭುಜದ ಮೇಲಿಂದ ನನ್ನ ಗಡ್ಡವನ್ನೇ ನೋಡುತ್ತಿತ್ತು.

“ತೋಕಿ ಇಟ್ಟ ಆಣೆ ಶುದ್ಧ, ಅದರಲ್ಲಿ ಸುಳ್ಳಿಲ್ಲ, ದೇವರಾಣೆ, ಸಂತನಾಣೆ.”

ಹೇಳಿ ಬಾಯಿ ಮುಚ್ಚಿದೆ. ಕೀಲಿ ಹಾಕಿದ ಸದ್ದು ಆಚೆ ದಡಕ್ಕೂ ಕೇಳಿಸಿತಂತೆ.

ಊರಿಗೆ ಊರೇ ನಾನು ಇನ್ನೇನಾದರೂ ಸೇರಿಸುತ್ತೇನೆಂದು ಕಾಯುತ್ತಿತ್ತು. ಕಾರಭಾರಿಯೂ ಕಾದ. ಸಂತನೂ ಕಾದ ಎಂದೇ ನನ್ನ ನಂಬಿಕೆ. ನಾನು ಕೈ ತೆಗೆದೆ.

“ಆಣೆ ನಿಂತಿತು,” ಎಂದ ಕಾರಭಾರಿ. “ತೋಕಿ ನಿರಪರಾಧಿ.”

ಇಮ್ಮಾ ಕೂಸನ್ನೆತ್ತಿಕೊಂಡು ತೋಕಿಯ ಬಳಿಗೆ ಓಡಿದಳು. ತೋಕಿ ಅವಳ ಕೈಯಿಂದ ಕೂಸನ್ನು ತೆಗೆದುಕೊಂಡು ಅದರ ಹೊಟ್ಟೆಯಲ್ಲಿ ಮುಖ ಹುದುಗಿಸಿದ. ಬೆನ್ನು ಮಾತ್ರ ಅಲುಗಾಡುತ್ತಿತ್ತು. ಮುದುಕಿ ನನ್ನ ಬಳಿ ಬಂದು “ಬದುಕಿದ್ದೀಯೇನೋ?” ಎಂದು ಕೆನ್ನೆ ಚಿವುಟಿ ನೋಡಿದಳು.

ನನ್ನ ಬಾಯಿಗೆ ಬಿಡುಗಡೆ ಸಿಕ್ಕಿತ್ತು. ಹೇಸರಗತ್ತೆಯನ್ನು ಇನ್ನು ಹೊರಗೆ ಬಿಡಬಹುದು ಎಂದು ತುಟಿ ಒರೆಸಿಕೊಳ್ಳುತ್ತಿದ್ದೆ. ಅಷ್ಟರಲ್ಲಿ ಕಾರಭಾರಿ ಸ್ಟೂಲಿನಿಂದ ಕಾಲಿಳಿಸಿದ.

“ನಿಲ್ಲಿ. ಇವನು ಗೂಟ ನೆಡಲಿಲ್ಲ ಅಂದ್ಮೇಲೆ, ಗೂಟ ಅಲ್ಲಿ ಹೇಗೆ ಉಳೀತು? ಕೀಳಿಸಬೇಕಾದವರು ಯಾರು?”

ಎಲ್ಲರ ಕಣ್ಣೂ ವಾರಿನನ ಕಡೆ ತಿರುಗಿತು. ನಾನು ಅವನ ಮುಖ ನೋಡಿದೆ. ಜೇನೆಲ್ಲ ಇಳಿದುಹೋಗಿತ್ತು. ಅವನ ಕಣ್ಣು ಓಕ್ ಮರದ ಕೊಂಬೆಯ ಮೇಲಿತ್ತು. ನೋಡಿ, ಆ ಕೊಂಬೆ ಅದೇ. ಕುತ್ತಿಗೆ ಮಾತ್ರ ಬೇರೆ. ನನಗೆ ಖುಷಿಯಾಗಬೇಕಿತ್ತು. ಆಯಿತು ಕೂಡ, ಒಂದು ಗಳಿಗೆ.

ತೋಕಿ ನನ್ನ ಪಕ್ಕಕ್ಕೆ ಬಂದು ನಿಂತಿದ್ದ. ಮೆಲ್ಲಗೆ, ತುಟಿ ಅಲುಗದಂತೆ ಹೇಳಿದ:

“ಬಿಡಪ್ಪಾ. ಅವನೂ ಹೆದರಿದ್ದ.”

“ನಿನ್ನನ್ನ ನೇಣಿಗೆ ಹಾಕಿಸ್ತಿದ್ನಲ್ಲೋ!”

“ಹೆದರಿದ್ದಕ್ಕೇ ಹಾಗಂದ. ಒಂದು ಕಾಲದಲ್ಲಿ ಆ ಹಡಗಲ್ಲಿ ನಾನೂ ಇದ್ದೆ. ದಡದ ಮೇಲೆ ಓಡೋರ ಮುಖ ನೋಡಿದ್ದೀನಿ. ಎಲ್ಲರೂ ಹಾಗೇ ಓಡ್ತಿದ್ರು, ಏನೋ ಒಂದನ್ನ ಹೊತ್ಕೊಂಡು. ಒಬ್ಬಳು ಬರೀ ಸೌದೆ ಹೊತ್ಕೊಂಡಿದ್ಲು.”

ತೋಕಿ ಒಂದೇ ಸಲಕ್ಕೆ ಅಷ್ಟು ಮಾತು ಖರ್ಚು ಮಾಡಿದ್ದನ್ನು ನಾನು ಹಿಂದೆಂದೂ ಕೇಳಿರಲಿಲ್ಲ. ಕಾರಭಾರಿ ಮತ್ತೆ ಕೇಳಿದ, “ಯಾರಿಗೂ ಗೊತ್ತಿಲ್ವಾ?”

ಆಗ ನಾನು ಮುಂದೆ ಹೋದೆ. ಮೊದಲು ನನ್ನ ಕೈ ದವಡೆಯಿಂದ ದೂರವಿದೆಯೇ ಎಂದು ನೋಡಿಕೊಂಡೆ. ಎರಡೂ ಕೈಯನ್ನು ಬೆನ್ನಹಿಂದೆ ಕಟ್ಟಿಕೊಂಡೆ.

“ನನಗೆ ಗೊತ್ತು ಸ್ವಾಮಿ. ವಾರಿನ್ ಗೂಟ ಕಿತ್ತ. ನಾನೇ ಕಣ್ಣಾರೆ ನೋಡಿದೆ. ಒಬ್ಬನೇ, ಕುತ್ತಿಗೆವರೆಗೂ ನೀರಲ್ಲಿ. ಒಂದೊಂದು ಗೂಟ ಕಿತ್ತಾಗಲೂ ಪೀಪಾಯಿ ಬಿರಡೆ ತೆಗೆದ ಹಾಗೆ ಸದ್ದು. ಆದ್ರೆ ನಮ್ಮೂರ ಮಣ್ಣು ನಿಮಗೆ ಗೊತ್ತಿಲ್ಲ. ಹಸಿ ಮರದ ಗೂಟ ಸ್ವಾಮಿ, ನೆಟ್ಟ ಮರುದಿನವೇ ಬೇರು ಬಿಡುತ್ತೆ. ಒಂದು ಕಿತ್ತರೆ ಆ ತೂತಿಂದ ಎರಡು ಚಿಗುರುತ್ತೆ. ಇವನು ಕೀಳ್ತಾನೇ ಇದ್ದ, ಅವು ಬರ್ತಾನೇ ಇದ್ವು. ಕೊನೆಗೆ ಹೊಳೆಯೇ ಕಾಡಾಗಿಬಿಡ್ತು. ಅಷ್ಟೊತ್ತಿಗೆ ಒಂದು ಹಾವುಮೀನು, ಈ ಮರದಷ್ಟು ದಪ್ಪ, ಬಂದು ಇವನ ಕಾಲು ಹಿಡ್ಕೊಂಡು...”

ಮೊದಲು ನಕ್ಕವಳು ಮುದುಕಿ. ಆಮೇಲೆ ಊರೇ ನಕ್ಕಿತು. ಮನೆ ಸುಟ್ಟ ಮೇಲೆ ಆ ಊರು ಯಾರನ್ನೂ ಹಂಗಿಸದೆ ನಕ್ಕದ್ದು ಅದೇ ಮೊದಲು. ನಗು ಎಷ್ಟು ಜೋರಾಗಿತ್ತೆಂದರೆ ಓಕ್ ಮರದ ಕಾಯಿಗಳೆಲ್ಲ ಉದುರಿ ಹಂದಿಗಳು ಓಡಿಬಂದವು. ಕಾರಭಾರಿ ಹೊಟ್ಟೆ ಹಿಡಿದುಕೊಂಡು, ವಾತದ ಕಾಲನ್ನು ನೆಲಕ್ಕೆ ಬಡಿದು “ಅಯ್ಯೋ” ಎಂದ. ಕಣ್ಣೊರೆಸಿಕೊಂಡು ವಾರಿನನ ಮುಖವನ್ನೂ ನನ್ನ ಮುಖವನ್ನೂ ನೋಡಿದ. ದಡ್ಡನಲ್ಲ ಆ ಮನುಷ್ಯ.

“ನಿನ್ನ ಮಾತನ್ನ ಮೂಳೆ ಮುಟ್ಟಿ ಹೇಳ್ತೀಯಾ?”

“ನನಗೆ ದಿನಕ್ಕೆ ಒಂದು ಆಣೆ ಸಾಕು ಸ್ವಾಮಿ. ವಯಸ್ಸಾಯ್ತು.”

“ಸರಿ,” ಎಂದ ಅವನು, ಎದ್ದು ಕೋಲೂರಿಕೊಳ್ಳುತ್ತ. “ಆರೋಪ ಹೊರಿಸೋರು ಯಾರಾದ್ರೂ ಇದ್ದಾರಾ? ಇಲ್ವಲ್ಲ. ಮುಂದಿನ ಸಲ ಗೂಟ ಕೀಳೋದಕ್ಕೆ ಊರೆಲ್ಲ ಹೋಗಿ. ಈ ಹೊಳೆಗಾವಲಿನವನು ಎಲ್ಲರಿಗಿಂತ ಮುಂದೆ ಇರ್ಲಿ. ನನಗೆ ಊಟ ಹಾಕಿ.”

ಮನೆಗೆ ಹೋಗುವ ದಾರಿಯಲ್ಲಿ ಇಮ್ಮಾ ನನ್ನ ತೋಳು ಹಿಡಿದುಕೊಂಡಿದ್ದಳು. “ನಾನು ಎಲ್ಲರ ಮುಂದೆ ಏನಂದೆ? ನಮ್ಮ ಮಾವ ತಮ್ಮ ಮೀನನ್ನ ಮಾತ್ರ ದೊಡ್ಡದು ಮಾಡ್ತಾರೆ ಅಂದೆ. ನೀವು ಒಂದು ಗಳಿಗೇಲಿ ನನ್ನನ್ನ ಸುಳ್ಳಿ ಮಾಡಿದ್ರಲ್ಲ ಮಾವ.”

“ಅಭ್ಯಾಸ ಇರ್ಲಿಲ್ಲ ಕಣಮ್ಮಾ. ಬೇರೆಯವನ ಮೀನು ಎತ್ತೋಕೆ ಬಹಳ ಭಾರ.”

ಮರುದಿನ ಬೆಳಿಗ್ಗೆ ತೋಕಿಯ ಕೊಟ್ಟಿಗೆಯ ಬಾಗಿಲಲ್ಲಿ ಮಡಿಸಿಟ್ಟ ಒಂದು ಗರಿಯ ಹಾಸಿಗೆಯಿತ್ತು. ಯಾರು ತಂದಿಟ್ಟರೆಂದು ಇಮ್ಮಾ ಕೇಳಲಿಲ್ಲ, ತೋಕಿ ಹೇಳಲಿಲ್ಲ. ಅದೇ ವರ್ಷ ಚಳಿ ಶುರುವಾಗುವ ಮೊದಲು ಉತ್ತರದವರು ಬರುತ್ತಾರೆಂದು ಮತ್ತೆ ಸುದ್ದಿ ಬಂದಾಗ ಗೂಟ ಕೀಳಲು ಮೊದಲು ನೀರಿಗಿಳಿದವನು ವಾರಿನ್. ಎರಡನೆಯವನು ತೋಕಿ. ಇಬ್ಬರೂ ಒಂದೇ ಗೂಟ ಹಿಡಿದು ಅಲ್ಲಾಡಿಸುವುದನ್ನು ನಾನು ದಡದಿಂದ ನೋಡಿದೆ. ಹಡಗುಗಳು ನಮ್ಮ ಊರು ತಲುಪಲಿಲ್ಲ, ಕೆಳಗಿನ ಮರಳಲ್ಲೇ ಹೂತು ಹಿಂದಕ್ಕೆ ಹೋದವು. ಅವು ಸಾವಿರ ಹಡಗುಗಳಿದ್ದವು. ಇಮ್ಮಾ ಮೂರು ಎನ್ನುತ್ತಾಳೆ. ಅವಳಿಗೆ ದೂರದ್ದು ಸರಿಯಾಗಿ ಕಾಣುವುದಿಲ್ಲ.

ವಾರಿನ್ ಈಗ ಇಲ್ಲ, ಅದಕ್ಕೇ ಹೇಸರಗತ್ತೆಯ ವಿಷಯ ಬಾಯಿಬಿಟ್ಟೆ. ಆ ಹಾಸಿಗೆ ಇನ್ನೂ ಇದೆ. ಕೂಸು ಅದರ ಮೇಲೆ ಮಲಗಿ ಬೆಳೆಯಿತು. ಚಳಿ ಹೆಚ್ಚಾದಾಗ ನನಗೂ ಒಂದು ಮೂಲೆ ಬಿಟ್ಟುಕೊಡುತ್ತಾರೆ. ಇಡೀ ಫ್ರಾಂಕರ ರಾಜ್ಯದಲ್ಲಿ ಅಷ್ಟು ಮೆತ್ತಗಿನ ಹಾಸಿಗೆ ಮತ್ತೊಂದಿಲ್ಲ. ಇದನ್ನು ಬೇಕಾದರೆ ದವಡೆ ಮುಟ್ಟಿ ಹೇಳುತ್ತೇನೆ.